ಎರಡೂ ಕಡಲು ಬಾಗಿಲು ಹಾಕಿದ ಹದಿನಾಲ್ಕು ದಿನ

ಮಂಚೇನಹಳ್ಳಿಯ ಕಲ್ಯಾಣ ಮಂಟಪದಲ್ಲಿ ಭಾನುಪ್ರಿಯಾಳ ನಿಶ್ಚಿತಾರ್ಥ ಮುಕ್ಕಾಲು ಪಾಲು ಮುಗಿದಿತ್ತು. ಪುರೋಹಿತರು ಲಗ್ನಪತ್ರಿಕೆ ಓದಿ, ಬೀಗರಿಬ್ಬರೂ ತಾಂಬೂಲದ ತಟ್ಟೆ ಬದಲಾಯಿಸಿಕೊಳ್ಳಿ ಅಂದರು. ಅವಳ ಅಪ್ಪ ರಾಮಾಂಜಿನಪ್ಪ ಎದ್ದು, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಬೀಗರ ಮುಂದೆ ಸೊಂಟ ಬಗ್ಗಿಸಿ ವಿನಯದಿಂದ ಬಾಗಿದ. ಆ ವಿನಯವೇ ಮುಳುವಾಯಿತು. ಹೊಸ ಬಿಳಿ ಶರ್ಟಿನ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಅಂಗೈ ಉದ್ದದ ಮೀನೊಂದು ಜಾರಿ, ವೀಳ್ಯದೆಲೆ, ಬಾಳೆಹಣ್ಣು, ತೆಂಗಿನಕಾಯಿಗಳ ನಡುವೆ, ತನಗೂ ಅಲ್ಲೊಂದು ಸೀಟು ಕಾದಿರಿಸಿದ್ದಾರೆ ಎನ್ನುವ ಹಾಗೆ ಬಂದು ಮಲಗಿತು.

ಮಂಟಪದಲ್ಲಿ ಅಕ್ಷತೆ ಹಿಡಿದ ಕೈಗಳೆಲ್ಲ ಇದ್ದಲ್ಲೇ ನಿಂತವು. ಫ್ಯಾನು ಮಾತ್ರ ತನ್ನ ಕೆಲಸ ಬಿಡದೆ ವಾಸನೆಯನ್ನು ಸಾಲು ಸಾಲಾಗಿ ಹಂಚುತ್ತಾ ಹೋಯಿತು. ಪುರೋಹಿತರು ಶಲ್ಯದ ತುದಿ ಮೂಗಿಗೆ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು. ಭಾನುಪ್ರಿಯಾ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಅನಿಲಗಳು ಕೋಣೆಯ ತುಂಬ ಹೇಗೆ ಹರಡುತ್ತವೆ ಅನ್ನುವುದನ್ನು ಐದು ವರ್ಷದಿಂದ ಪಾಠ ಮಾಡುತ್ತಿದ್ದಾಳೆ. ತನಗೇ ಅದು ಸರಿಯಾಗಿ ಅರ್ಥವಾಗಿದ್ದು ಆವತ್ತೇ.

"ಏನಿದು ಬೀಗರೇ?" ಅಂದರು ಹುಡುಗನ ಅಪ್ಪ ಮುನಿವೆಂಕಟಪ್ಪ. ಅವರು ಊರಿನ ದೊಡ್ಡ ರೇಷ್ಮೆ ಬೆಳೆಗಾರರು. ದನಿ ಕೂಡ ದೊಡ್ಡದೇ.

"ಅಂಜಲ್ ಮರಿ," ಅಂದ ರಾಮಾಂಜಿನಪ್ಪ, ನೆಲ ನೋಡಿಕೊಂಡು. "ಬೆಳಿಗ್ಗೆ ಅಂಗಡಿಗೆ ಬಂದ ಲೋಡಿನಲ್ಲಿತ್ತು. ಇಷ್ಟು ಚಿಕ್ಕದನ್ನ ಕಳಿಸಿದಾನಲ್ಲ, ಏಜೆಂಟಿಗೆ ತೋರಿಸಿ ಬಯ್ಯೋಣ ಅಂತ ಜೇಬಲ್ಲಿ ಇಟ್ಕೊಂಡೆ. ಮರ್ತೇಹೋಯ್ತು."

ಹುಡುಗನ ಅಜ್ಜಿ ಅಮ್ಮಾಜಮ್ಮ ಮುಂದಿನ ಸಾಲಿನಲ್ಲೇ ಇದ್ದರು. ಗಡಿಸೀಮೆಯ ಹೆಂಗಸು, ಅರ್ಧ ಮಾತು ತೆಲುಗು. "ಪೋನೀಲೇ ಬಿಡಪ್ಪ," ಅಂದರು. "ಬೇರೆ ಬೀಗರು ತಟ್ಟೇಲಿ ಹೂವು ಇಡ್ತಾರೆ, ನೀನು ಚೇಪ ಇಟ್ಟೆ. ಹೂವಾದ್ರೆ ಸಂಜೆಗೆ ಬಾಡ್ತದೆ, ಈ ವಾಸನೆ ಮದುವೆ ತನಕ ಇರ್ತದೆ."

ಮೊದಲು ನಕ್ಕವನು ಹುಡುಗ ಮಧುಕುಮಾರ್. ಆಮೇಲೆ ಇಡೀ ಮಂಟಪ ನಕ್ಕಿತು. ಮುನಿವೆಂಕಟಪ್ಪ ಆ ಕವರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಮಗ ತಾನಾಗೇ ಬಂದವ್ನೆ. ಬೀಗರೂಟಕ್ಕೆ ಇವರಪ್ಪನ್ನ ಕರ್ಕೊಂಡ್ ಬನ್ನಿ. ಒಂದೊಂದು ತುಂಡು ಎಲೆಯಗಲ ಇರ್ಬೇಕು, ಏನು?" ಅಂದರು.

ರಾಮಾಂಜಿನಪ್ಪ ತಲೆಯಾಡಿಸಿದ. ಆ ಹೊತ್ತಿನಲ್ಲಿ ಸ್ಕಂದಗಿರಿಯನ್ನು ಎತ್ತಿಕೊಂಡು ಬನ್ನಿ ಅಂದಿದ್ದರೂ ತಲೆಯಾಡಿಸುತ್ತಿದ್ದ.

ಎಡವಟ್ಟು ಗೊತ್ತಾಗಿದ್ದು ಚಿಕ್ಕಬಳ್ಳಾಪುರಕ್ಕೆ ವಾಪಸು ಬರುವಾಗ, ವ್ಯಾನಿನಲ್ಲಿ. ಮದುವೆ ಜೂನ್ ಎಂಟು, ಭಾನುವಾರ. ಬೀಗರೂಟ ಹನ್ನೊಂದು, ಬುಧವಾರ. ರಾಮಾಂಜಿನಪ್ಪ ಪರ್ಸಿನಿಂದ ಮಡಿಸಿದ ಕ್ಯಾಲೆಂಡರ್ ಚೀಟಿ ತೆಗೆದು ನೋಡಿದ, ಮತ್ತೆ ಮಡಿಸಿದ, ಮತ್ತೆ ತೆಗೆದ. ಮೂಡಣ ಕಡಲಲ್ಲಿ ಏಪ್ರಿಲ್ ಹದಿನೈದರಿಂದ ಜೂನ್ ಹದಿನಾಲ್ಕರವರೆಗೆ ಯಂತ್ರದ ದೋಣಿಗಳು ಇಳಿಯುವಂತಿಲ್ಲ; ಮೀನು ಮೊಟ್ಟೆಯಿಡುವ ಕಾಲ. ಪಡುವಣದಲ್ಲಿ ಜೂನ್ ಒಂದರಿಂದ ಜುಲೈ ಮೂವತ್ತೊಂದು. ಒಂದು ಕಡಲು ಮುಚ್ಚಿದಾಗ ಇನ್ನೊಂದು ತೆರೆದಿರುತ್ತದೆ, ವ್ಯಾಪಾರ ಹೇಗೋ ನಡೆಯುತ್ತದೆ. ಎರಡೂ ಒಟ್ಟಿಗೆ ಬಾಗಿಲು ಹಾಕಿಕೊಳ್ಳುವುದು ವರ್ಷಕ್ಕೆ ಹದಿನಾಲ್ಕೇ ದಿನ, ಜೂನ್ ಒಂದರಿಂದ ಹದಿನಾಲ್ಕು. ಮುನ್ನೂರ ಅರವತ್ತೈದು ದಿನಗಳಲ್ಲಿ ಬೀಗರೂಟ ಬಂದು ಕೂತಿದ್ದು ಸರಿಯಾಗಿ ಆ ಹದಿನಾಲ್ಕರ ಒಳಗೆ. ಪುರೋಹಿತರು ಮೀನ ಮೇಷ ಎಲ್ಲ ಎಣಿಸಿಯೇ ದಿನ ಇಟ್ಟಿದ್ದರು. ಮೇಷಕ್ಕೇನೂ ತೊಂದರೆ ಇರಲಿಲ್ಲ, ಕುರಿ ಯಾವಾಗಲೂ ಸಿಗುತ್ತದೆ. ಕೈಕೊಟ್ಟಿದ್ದು ಮೀನ.

"ಎಲ್ಲಾದರೂ ತರಿಸಿದ್ರಾಯ್ತು," ಅಂದಳು ಅವನ ಹೆಂಡತಿ ಶ್ಯಾಮಲಮ್ಮ, ಕಿಟಕಿಯ ಕಡೆ ಮುಖ ಮಾಡಿ. ಶರ್ಟಿನ ಜೇಬಿನ ಕೋಪ ಅವಳಿಗಿನ್ನೂ ಇಳಿದಿರಲಿಲ್ಲ.

ರಾಮಾಂಜಿನಪ್ಪ ಚೀಟಿಯನ್ನು ಇನ್ನೊಮ್ಮೆ ಮಡಿಸಿ ಪರ್ಸಿಗೆ ಸೇರಿಸಿದ. ಅಪ್ಪ ಹಾಗೆ ಮಡಿಸಿಟ್ಟರೆ ಅದು ಆಗುವುದಿಲ್ಲ ಅಂತ ಅರ್ಥ ಅನ್ನುವುದು ಭಾನುಪ್ರಿಯಾಗೆ ಚಿಕ್ಕಂದಿನಿಂದ ಗೊತ್ತು.

ಬಿಬಿ ರಸ್ತೆಯಿಂದ ಒಳಕ್ಕೆ ತಿರುಗುವ ಸಣ್ಣ ಗಲ್ಲಿಯಲ್ಲಿ ಅವನ ಅಂಗಡಿ. ತಗಡಿನ ಚಾವಣಿ, ಸಿಮೆಂಟಿನ ಕಟ್ಟೆ, ಎರಡು ಐಸ್ ಪೆಟ್ಟಿಗೆ. ಯಾವ ಕಡಲಿಗೆ ಹೋಗಬೇಕೆಂದರೂ ಒಂದಿಡೀ ರಾತ್ರಿಯ ಲಾರಿ ಪ್ರಯಾಣವಿರುವ ಊರಿನಲ್ಲಿ ಹತ್ತೊಂಬತ್ತು ವರ್ಷದಿಂದ ಸಮುದ್ರದ ಮೀನು ಮಾರುತ್ತಾನೆ. ಮೊದಮೊದಲು ಕೊಳ್ಳುವವರಿಗೆ ಹೆಸರೇ ಬರುತ್ತಿರಲಿಲ್ಲ. ಕರಾವಳಿಯವರು ಅಂಜಲ್ ಅನ್ನುವುದನ್ನು ಇಲ್ಲಿ ಕೆಲವರು ವಂಜರಂ ಅನ್ನುತ್ತಿದ್ದರು, ಮಿಕ್ಕವರು 'ಆ ಉದ್ದಂದು' ಅನ್ನುತ್ತಿದ್ದರು. ಮೀನಿನ ಹೆಸರು ಬೂತಾಯಿ ಅಂತ ಕೇಳಿ, ಭೂತಾಯಿ ಅಂದುಕೊಂಡು ಕಟ್ಟೆ ಮುಟ್ಟಿ ಕಣ್ಣಿಗೊತ್ತಿಕೊಂಡವರೂ ಒಬ್ಬರಿದ್ದರು. ಶುಕ್ರವಾರ ಊರಿನವರು ಯಾರೂ ಈ ಗಲ್ಲಿಗೆ ಕಾಲಿಡುವುದಿಲ್ಲ. ಆವತ್ತಿನ ವ್ಯಾಪಾರವೆಲ್ಲ ಶುಕ್ರವಾರ ಮಾಂಸ ಬಿಟ್ಟು ಮೀನು ತಿನ್ನುವ ಕಾನ್ವೆಂಟಿನ ಸಿಸ್ಟರುಗಳದ್ದು. ಮಗಳು ಓದಿದ್ದೂ ಅದೇ ಕಾನ್ವೆಂಟಿನಲ್ಲಿ. ಗಣಿತದ ಸಿಸ್ಟರ್ ಅವಳ ಕಿವಿ ಹಿಂಡುತ್ತಾ, "ನಿಮ್ಮ ತಂದೆ ತೂಕದಲ್ಲಿ ತಪ್ಪೋದಿಲ್ಲ, ನೀನು ಮಾತ್ರ ಕೂಡೋದ್ರಲ್ಲೂ ತಪ್ತೀಯ" ಅನ್ನುತ್ತಿದ್ದರು.

ಕಟ್ಟೆಯ ಮೇಲೆ ಒಂದು ಹಳೆಯ ಮರದ ಸ್ಕೇಲು ಇರುತ್ತದೆ. 'ಭಾನುಪ್ರಿಯಾ, ಐದನೇ ಬಿ' ಎಂದು ಕಂಪಾಸಿನ ಮೊನೆಯಿಂದ ಕೆತ್ತಿದ್ದು ಇನ್ನೂ ಕಾಣುತ್ತದೆ. ರಾಮಾಂಜಿನಪ್ಪ ತಕ್ಕಡಿಗಿಂತ ಮೊದಲು ಕೈಗೆತ್ತಿಕೊಳ್ಳುವುದು ಅದನ್ನು. ಬಂಗುಡೆ ಆರು ಇಂಚು ದಾಟಬೇಕು. ಅಂಜಲ್ ಎರಡು ಸ್ಕೇಲು ಇರಬೇಕು. ಗಿಡ್ಡ ಬಂದರೆ ಪಕ್ಕಕ್ಕಿಟ್ಟು ಏಜೆಂಟಿಗೆ ಫೋನು. ಲೆಕ್ಕ ಅವನದೇ. ಇಷ್ಟು ಉದ್ದವಾಗುವ ಹೊತ್ತಿಗೆ ಮೀನು ಒಂದು ಸಲವಾದರೂ ತಾಯಿಯಾಗಿರುತ್ತದೆ ಎಂದು ಬಂದರಿನ ಯಾರೋ ಮುದುಕ ಅವನಿಗೆ ಹೇಳಿದ್ದನಂತೆ.

ಆ ಬಂದರಿನ ಕತೆಯನ್ನು ಭಾನುಪ್ರಿಯಾ ನೂರು ಸಲ ಕೇಳಿದ್ದಾಳೆ. ಪ್ರಾಯದಲ್ಲಿ ಅವನು ಟೊಮೆಟೊ ಲಾರಿಯಲ್ಲಿ ಕ್ಲೀನರ್ ಆಗಿ ಮಂಗಳೂರಿಗೆ ಹೋಗುತ್ತಿದ್ದ. ಒಂದು ಸಲ ದೋಣಿ ನಿಲ್ಲುವ ಧಕ್ಕೆಯಲ್ಲಿ ಸೊಂಟದೆತ್ತರದ ಮೀನಿನ ರಾಶಿ ಕಂಡಿತು, ಒಂದೊಂದೂ ಬೆರಳುದ್ದ. ಸಲಿಕೆಯಲ್ಲಿ ತುಂಬುತ್ತಿದ್ದರು. ಇದ್ಯಾವ ಮೀನು ಎಂದು ಕೇಳಿದ. "ಇದರಲ್ಲಿ ಎಲ್ಲಾ ಜಾತಿದೂ ಉಂಟು ಮಾರಾಯ, ಎಲ್ಲಾ ಮಕ್ಕಳು. ಕೋಳಿ ಮೇವಿಗೆ ಪುಡಿ ಮಾಡ್ಲಿಕ್ಕೆ ಹೋಗ್ತದೆ," ಅಂದರಂತೆ. ಕತೆ ಹೇಳುವಾಗಲೆಲ್ಲ ಆ ರಾಶಿ ಒಂದು ಮೊಳ ಬೆಳೆಯುತ್ತಿತ್ತು. ಅವಳ ಪಿಯುಸಿ ಹೊತ್ತಿಗೆ ಅದು ಲಾರಿಯ ಎತ್ತರ ಮುಟ್ಟಿತ್ತು. ಆದರೆ 'ಎಲ್ಲಾ ಮಕ್ಕಳು' ಅನ್ನುವಲ್ಲಿ ಅವನ ದನಿ ಮಾತ್ರ ಪ್ರತಿ ಸಲವೂ ಅಷ್ಟೇ ತಗ್ಗುತ್ತಿತ್ತು.

ದೇಶಗಳಿಗೆ ಅಂಕ ಕೊಡುವುದು ಅವನ ಇನ್ನೊಂದು ಚಾಳಿ. ಒಮ್ಮೊಮ್ಮೆ ಏಜೆಂಟು ಹೊರದೇಶದ ಮೀನಿನ ಡಬ್ಬಗಳನ್ನೂ ಕಳಿಸುತ್ತಾನೆ. ಅದರ ಮೇಲಿನ ಅಕ್ಷರ ರಾಮಾಂಜಿನಪ್ಪನಿಗೆ ಓದಲು ಬರುವುದಿಲ್ಲ. ಹಾಗಾಗಿ ಮೇಲಿನ ಚಿತ್ರ ನೋಡಿ ಹೆಸರಿಟ್ಟ ಅವನ ಭೂಪಟದಲ್ಲಿ ಇರುವುದು ಒಂಟೆ ದೇಶ, ಹಿಮದ ದೇಶ, ಕೋಳಿಕಾಲು ಅಕ್ಷರದ ದೇಶ. ಮೀನನ್ನು ಸ್ಕೇಲಿಟ್ಟು ಅಳೆದು ಡಬ್ಬದ ಮುಚ್ಚಳದ ಮೇಲೆ ಪೆನ್ನಿನಲ್ಲಿ ಅಂಕ ಬರೆಯುತ್ತಾನೆ. ಹಿಮದ ದೇಶಕ್ಕೆ ಎಂಬತ್ತೆಂಟು. ಕೋಳಿಕಾಲಿಗೆ ನಲವತ್ತು. "ಮರೀನ ಹಿಡಿದು ಡಬ್ಬಕ್ಕೆ ತುಂಬೋ ದೇಶ ನಾಳೆ ಏನು ತಿಂತದಮ್ಮ?" ಅನ್ನುತ್ತಾನೆ.

"ನಮ್ಮ ದೇಶಕ್ಕೆ ಎಷ್ಟಪ್ಪ?" ಅಂತ ಅವಳೊಂದು ಸಲ ಕೇಳಿದ್ದಳು.

"ರೂಲ್ಸ್ ಬರೆದಿರೋದಕ್ಕೆ ತೊಂಬತ್ತು. ಪಾಲಿಸೋದಕ್ಕೆ ಮೂವತ್ತೈದು."

"ಮೂವತ್ತೈದು ಅಂದ್ರೆ ಜಸ್ಟ್ ಪಾಸ್."

"ನಮ್ಮ ದೇಶ ಅಂತ ಗ್ರೇಸ್ ಮಾರ್ಕ್ಸ್ ಹಾಕಿದೀನಿ."

ಮೂಡಣ ಕಡಲು ತೆರೆದರೂ ಅವನು ಪಡುವಣದ ಲೆಕ್ಕವನ್ನೇ ಹಿಡಿಯುತ್ತಿದ್ದ. ಜೂನ್ ಒಂದಕ್ಕೆ ಐಸ್ ಪೆಟ್ಟಿಗೆ ಮಗುಚಿ ಹಾಕುತ್ತಾನೆ. ಅದೇ ಕಟ್ಟೆ, ಅದೇ ತಕ್ಕಡಿ, ಆದರೆ ಮೇಲೆ ಚಿಂತಾಮಣಿ ಕಡೆಯಿಂದ ಬಂದ ಮಾವಿನಹಣ್ಣು. ಕಟ್ಟೆಯನ್ನು ಎಷ್ಟೇ ತೊಳೆದರೂ ಮಲ್ಲಿಕಾ ಹಣ್ಣಿಗೆ ಒಂದಿಷ್ಟು ಬಂಗುಡೆಯ ನೆನಪು ಅಂಟಿಯೇ ಇರುತ್ತದೆ. ಸ್ಕಂದಗಿರಿ ಹತ್ತಲು ಬರುವ ಬೆಂಗಳೂರಿನ ಹುಡುಗರು ಕಾರು ನಿಲ್ಲಿಸಿ, "ಅಂಕಲ್, ಫಿಶ್?" ಅಂದರೆ, "ಈಗ ಹೆರಿಗೆ ರಜೆ. ಆಗಸ್ಟಿಗೆ ಬನ್ನಿ" ಅನ್ನುತ್ತಾನೆ. ಆಗಸ್ಟಿಗೆ ಬಂದರೆ ಶ್ರಾವಣ, ಅರ್ಧ ಊರು ಮೀನು ಮುಟ್ಟುವುದಿಲ್ಲ. ಹೀಗೆ ಸಮುದ್ರದ ಪಂಚಾಂಗ, ಊರಿನ ಪಂಚಾಂಗ ಎರಡರ ನಡುವೆ ಸಿಕ್ಕಿಕೊಂಡ ಮನುಷ್ಯ. ಆದರೂ ಆ ಮಾವಿನ ದಿನಗಳಲ್ಲಿ ಸಂಜೆ ಮನೆಮುಂದಿನ ಜಗಲಿಯಲ್ಲಿ ಕಾಲು ಚಾಚಿ ಕೂತು ಪೇಪರ್ ಓದುತ್ತಾ ಇರುವ ಅಪ್ಪನ ಮುಖದಲ್ಲಿ ಏನೋ ಒಂದು ಕಳೆ ಇರುತ್ತಿತ್ತು. ತತ್ವಕ್ಕೆ ಬದ್ಧನಾದವನ ತೃಪ್ತಿ ಅದು ಎಂದು ಭಾನುಪ್ರಿಯಾ ತಿಳಿದಿದ್ದಳು. ಮಿಕ್ಕ ದಿನಗಳಲ್ಲಿ ಅವನು ಮನೆ ಸೇರುವ ರೀತಿಯೇ ಬೇರೆ. ಶ್ಯಾಮಲಮ್ಮನ ದೇವರ ಮನೆ ಮುಂಬಾಗಿಲಿಗೆ ನೇರ ಎದುರು. ಆದ್ದರಿಂದ ಅವನು ಓಣಿ ಸುತ್ತಿ ಹಿತ್ತಿಲಿಗೆ ಬಂದು, ನಲ್ಲಿಯ ಕೆಳಗೆ ಕೂತು, ಮೊದಲು ಹುಣಸೆಹಣ್ಣು, ಆಮೇಲೆ ಅರ್ಧ ನಿಂಬೆಹಣ್ಣು, ಆಮೇಲೆ ಸೋಪು, ಈ ಕ್ರಮದಲ್ಲಿ ತಿಕ್ಕಿಕೊಂಡು, ಅವಳು ಕೈ ಮೂಸಿ ನೋಡಿ ಹೂಂ ಅಂದ ಮೇಲೆ ಹಿತ್ತಿಲ ಬಾಗಿಲಿಂದ ಒಳಕ್ಕೆ.

ಮೇ ತಿಂಗಳ ಹೊತ್ತಿಗೆ ಮದುವೆ ಮನೆಯಲ್ಲಿ ಎಲ್ಲದಕ್ಕೂ ಉತ್ತರ ಸಿಕ್ಕಿತ್ತು, ಮೀನಿಗೆ ಮಾತ್ರ ಸಿಕ್ಕಿರಲಿಲ್ಲ. ಬೆಂಗಳೂರಿನ ಏಜೆಂಟು ರಮೇಶ್‌ಬಾಬು ಫೋನು ಮಾಡಿದ. ಅವನು ನಿಶ್ಚಿತಾರ್ಥದ ಕತೆ ಕೇಳಿ ನಕ್ಕು ಸಾಕಾಗಿದ್ದ.

"ಅಣ್ಣಾ, ನಾನು ಕಳಿಸ್ತೀನಿ ಬಿಡಿ. ನಾಡದೋಣಿಗೆ ನಿಷೇಧ ಇಲ್ವಲ್ಲ. ನಾಡದೋಣಿಯವರು ಹಿಡಿದಿದ್ದು ಅಂತ ಚೀಟಿ ಬರ್ಕೊಡ್ತೀನಿ."

"ಮುನ್ನೂರು ಎಲೆಗೆ ಆಗೋಷ್ಟು ಎರಡು ಸ್ಕೇಲಿನ ಅಂಜಲ್ ತರೋದು ನಾಡದೋಣಿ ಅಲ್ಲಪ್ಪ. ಅದು ನಾಡಹಡಗು."

"ಸರಿ, ಒಂಟೆ ಡಬ್ಬ ಕಳಿಸ್ಲಾ?"

"ಅಲ್ಲಿ ಮೀನು ಯಾವಾಗ ಬಸುರಿ ಅಂತ ನಿನಗೆ ಗೊತ್ತಾ?"

"ನನಗೆ ಯಾಕಣ್ಣ ಗೊತ್ತಿರ್ಬೇಕು?"

"ಅದಕ್ಕೇ ಬೇಡ," ಅಂತ ಫೋನಿಟ್ಟ.

ಭಾನುಪ್ರಿಯಾ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಳು. ಅವಳಿಗೆ ಅಳು ಬರುವಂತಾಗಿತ್ತು. ಮದುವೆಯಾಗಿ ಮೂರನೇ ದಿನ, ಆ ಮುನ್ನೂರು ಜನರ ನಡುವೆ ತಲೆಬಗ್ಗಿಸಿ ಕೂರಬೇಕಾದವಳು ತಾನು. ಒಪ್ಪಿಕೊಂಡದ್ದನ್ನು ಮೊದಲ ಊಟದಲ್ಲೇ ತಪ್ಪಿಸಿದ ಮನೆಯ ಹೆಣ್ಣು ಅನ್ನುವ ಮಾತು ಒಂದು ಸಲ ಹುಟ್ಟಿದರೆ ಮಂಚೇನಹಳ್ಳಿಯಲ್ಲಿ ಅದಕ್ಕೆ ವಯಸ್ಸಾಗುವುದಿಲ್ಲ. ಹೊರಗೆ ಬಂದು, "ಅಪ್ಪಾ, ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ದಿನ. ನನಗೋಸ್ಕರ" ಅಂದಳು.

ರಾಮಾಂಜಿನಪ್ಪ ಮಗಳ ಮುಖ ನೋಡಿದ. ಕಟ್ಟೆಯಿಂದ ತೊಳೆಯಲು ತಂದಿದ್ದ ಸ್ಕೇಲನ್ನು ಲುಂಗಿಗೆ ಒರೆಸಿ, "ಒಂದು ದಿನಾನೇ ಕಣಮ್ಮ ಎಲ್ಲರೂ ಕೇಳೋದು," ಅಂದ. ಸ್ಕೇಲನ್ನು ಗೋಡೆಗೆ ಒರಗಿಸಿ, "ಗಾಡಿ ತೆಗಿ. ಬೀಗರ ಹತ್ರ ಹೋಗಣ. ಬಯ್ಯಿಸ್ಕೊಳೋದಾದ್ರೆ ಮದುವೆಗೆ ಮುಂಚೇನೇ ಬಯ್ಯಿಸ್ಕೊಳ್ತೀನಿ," ಅಂದ.

ಅವಳ ಸ್ಕೂಟಿಯಲ್ಲಿ ಅಪ್ಪ ಮಗಳು ಮಂಚೇನಹಳ್ಳಿ ಸೇರಿದಾಗ ಹನ್ನೊಂದು ಗಂಟೆ. ಮುನಿವೆಂಕಟಪ್ಪ ಮನೆಯಲ್ಲಿರಲಿಲ್ಲ, ತೋಟದ ಹುಳುಮನೆಯಲ್ಲಿದ್ದರು. ಅದರ ಬಾಗಿಲ ಮುಂದೆ ಅಮ್ಮಾಜಮ್ಮ ಕುರ್ಚಿ ಹಾಕಿಕೊಂಡು ಕಾವಲಿಗೆ ಕೂತಿದ್ದರು. ರಾಮಾಂಜಿನಪ್ಪ ಹತ್ತಿರ ಬರುವುದರೊಳಗೆ ಕಿಟಕಿಯ ಜಾಲರಿಯ ಹಿಂದಿನಿಂದ ಮುನಿವೆಂಕಟಪ್ಪನವರ ದನಿ ಬಂತು. ಆವತ್ತು ಅದು ಪಿಸುಮಾತಿನಷ್ಟು ಸಣ್ಣದಾಗಿತ್ತು.

"ಅಲ್ಲೇ ನಿಂತ್ಕೊಳಿ ಬೀಗರೇ. ಬೇಜಾರು ಮಾಡ್ಕೋಬೇಡಿ. ಹುಳ ನಾಲ್ಕನೇ ಜ್ವರಕ್ಕೆ ಕೂತವೆ. ಹೊರಗಿನ ವಾಸನೆ ಅವಕ್ಕೆ ಆಗಲ್ಲ. ನಿಮ್ಮದಂತೂ..."

ಮಾತು ಅಲ್ಲಿಗೇ ಬಿಟ್ಟರು. ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ಈ ಕಡೆ ಜ್ವರ ಅನ್ನುತ್ತಾರೆ. ಆಗ ಅದು ತಿನ್ನುವುದಿಲ್ಲ, ಅಲುಗಾಡುವುದಿಲ್ಲ, ತಲೆ ಎತ್ತಿಕೊಂಡು ಧ್ಯಾನಕ್ಕೆ ಕೂತ ಹಾಗೆ ಕೂತಿರುತ್ತದೆ.

ರಾಮಾಂಜಿನಪ್ಪ ಹತ್ತು ಹೆಜ್ಜೆ ದೂರದಲ್ಲಿ, ಕೈ ಹಿಂದೆ ಕಟ್ಟಿಕೊಂಡು ನಿಂತ. "ಸೊಪ್ಪು ಹಾಕಲ್ವಾ ಈಗ?"

"ಜ್ವರದಲ್ಲಿ ಯಾರಾದ್ರೂ ಸೊಪ್ಪು ಹಾಕ್ತಾರಾ? ಮುಟ್ಟೋ ಹಾಗೂ ಇಲ್ಲ. ಪಕ್ಕದ ತೋಟದವನು ಪಂಪ್‌ಸೆಟ್ ಹತ್ರ ಹಾಡು ಹಾಕ್ಕೊಂಡ್ರೂ ಹೋಗಿ ಜಗಳ ಆಡಿ ಬರ್ತೀನಿ."

"ಈಗ ಯಾರೋ ದೊಡ್ಡ ಮನುಷ್ಯರು ಬಂದು, ನಮ್ಮ ಮನೇಲಿ ಫಂಕ್ಷನ್ನು, ಇವತ್ತೇ ಒಂದು ಬುಟ್ಟಿ ಹುಳ ಕೊಡು ಅಂದ್ರೆ?"

"ಯಾವನು ಅವನು? ಕಾಲು ಮುರೀತೀನಿ."

"ಅದೇ ಬೀಗರೇ," ಅಂದ ರಾಮಾಂಜಿನಪ್ಪ. "ಹನ್ನೊಂದನೇ ತಾರೀಕು ಸಮುದ್ರ ಜ್ವರಕ್ಕೆ ಕೂತಿರ್ತದೆ. ಎರಡೂ ಕಡೇದು."

ಹಿಪ್ಪುನೇರಳೆ ಸಾಲಿನಲ್ಲಿ ಎಲ್ಲೋ ಒಂದು ಕೋಳಿ ಕೆದಕುತ್ತಿತ್ತು. ಭಾನುಪ್ರಿಯಾ ಸ್ಕೂಟಿಯ ಕೀಲಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದಳು.

"ನಮ್ಮ ಹುಳಕ್ಕೆ ಜ್ವರ ಅಂದ್ರೆ ಒಂದು ದಿನ, ಒಂದೂವರೆ ದಿನ," ಅಂದರು ಮುನಿವೆಂಕಟಪ್ಪ ಕೊನೆಗೆ. "ನಿಮ್ಮ ಸಮುದ್ರಕ್ಕೆ ಎರಡು ತಿಂಗಳಾ?"

"ಹುಳ ದೊಡ್ಡದು ಬೀಗರೇ."

ಅಮ್ಮಾಜಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಹುಳುಮನೆಯ ಹತ್ತಿರ ನಗುವಂತಿರಲಿಲ್ಲ.

"ಮಾತಲ್ಲಿ ಗೆದ್ರಿ. ನೆಂಟರ ಬಾಯಿಗೆ ಏನು ಹಾಕ್ಲಿ? ಊರಿಗೆಲ್ಲ ಹೇಳ್ಕೊಂಡು ಬಂದಿದೀನಿ, ನಮ್ಮ ಬೀಗರು ಮೀನಿನ ಬೀಗರು, ಎಲೆ ತುಂಬ ಮೀನು ಅಂತ. ನಿಮಗೇನ್ರೀ, ಬೈಸ್ಕೊಂಡು ಚಿಕ್ಕಬಳ್ಳಾಪುರಕ್ಕೆ ಹೋಗ್ತೀರಿ. ಇಲ್ಲಿ ಇರೋದು ನಾನು. ನಿಮ್ಮ ಮಗಳು."

"ಗೌರಿ ಹಬ್ಬ ಕಳೀಲಿ. ಎರಡು ಸ್ಕೇಲಿನ ಮೀನು ನಿಮ್ಮ ಮನೆಗೇ ತಂದು, ನಾನೇ ಕೊಯ್ದು, ನಾನೇ ಹುರಿದು ಬಡಿಸ್ತೀನಿ. ಆವತ್ತು ಬಯ್ಯೋರು ಇದ್ರೆ ನನ್ನ ಹತ್ರ ಕಳಿಸಿ."

"ನೀನೇನಮ್ಮಾ ಅಂತೀಯ?" ಜಾಲರಿಯ ದನಿ ಈಗ ಭಾನುಪ್ರಿಯಾ ಕಡೆ ತಿರುಗಿತು. "ಮಾತು ಬರೋದು ನಿನ್ನ ಮೇಲೆ. ನೀನು ಹೇಳು. ಬೇಕೇಬೇಕು ಅಂದ್ರೆ ನಾನೇ ಎಲ್ಲಿಂದಾದ್ರೂ ತರಿಸ್ತೀನಿ."

ಅವಳು ಅಪ್ಪನನ್ನು ನೋಡಿದಳು. ಅವನು ಅವಳನ್ನು ನೋಡಲಿಲ್ಲ. ತನ್ನ ಚಪ್ಪಲಿಯ ತುದಿ ನೋಡುತ್ತಾ, ರಿಸಲ್ಟ್ ಕಾಯುವ ಹುಡುಗನ ಹಾಗೆ ನಿಂತಿದ್ದ. ಬೇಕು ಅನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಬರುವ ದಾರಿಯುದ್ದಕ್ಕೂ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದಳು.

"ಜ್ವರ ಅಂದ್ರೆ ರಜೆ ಕೊಡ್ಬೇಕು ಮಾವ," ಅಂದಳು. "ಸ್ಕೂಲಲ್ಲಿ ನಾನು ಮಕ್ಕಳಿಗೂ ಕೊಡ್ತೀನಿ."

ಮುನಿವೆಂಕಟಪ್ಪ "ನೋಡಣ, ಹೋಗಿ ಬನ್ನಿ," ಅಂದರು. "ಗಾಡಿ ಗೇಟು ದಾಟಿದ್ಮೇಲೆ ಸ್ಟಾರ್ಟ್ ಮಾಡಮ್ಮಾ. ಹುಳಕ್ಕೆ ಸದ್ದು ಆಗಿಬರಲ್ಲ." ಅಪ್ಪ ಹಿಂದಿನಿಂದ ತಳ್ಳಿದ, ಮಗಳು ಹ್ಯಾಂಡಲ್ ಹಿಡಿದಳು. ಗೇಟಿನ ಆಚೆ ಬಂದ ಮೇಲೆ ಇಬ್ಬರೂ ಗಾಡಿ ಹತ್ತಿದರು.

ಮ‌ದುವೆ ಮುಗಿದು ಬೀಗರೂಟ ಬಂತು. ಕುರಿ ಬಂತು, ನಾಟಿಕೋಳಿ ಬಂತು, ಮುದ್ದೆ ಬಂತು. ಮೀನು ಬರುವ ಜಾಗದಲ್ಲಿ, ಎಲೆಯ ತುದಿಗೆ ಒಂದೊಂದು ಮಲ್ಲಿಕಾ ಮಾವಿನಹಣ್ಣು ಬಂತು. ರಾಮಾಂಜಿನಪ್ಪ ತಾನೇ ಬುಟ್ಟಿ ಹಿಡಿದು ಬಡಿಸುತ್ತಿದ್ದ. ನೆಂಟರೊಬ್ಬರು ಹಣ್ಣನ್ನು ಮೂಗಿನ ಹತ್ತಿರ ಹಿಡಿದು, "ಇದೇನ್ರಪ್ಪ, ವಾಸನೆ ಬಂದದೆ, ಮೀನು ಬಂದಿಲ್ಲ?" ಅಂದರು. ಸಾಲಿಡೀ ಕಿಸಕ್ಕೆಂದಿತು. ಮಧುಕುಮಾರನ ಪಕ್ಕದಲ್ಲಿ ಕೂತಿದ್ದ ಭಾನುಪ್ರಿಯಾ ಎಲೆಯ ಗೆರೆಗಳನ್ನು ಎಣಿಸತೊಡಗಿದಳು.

"ಎಲ್ಲಯ್ಯಾ ಮುನಿವೆಂಕಟಪ್ಪ, ನಿನ್ನ ಮೀನಿನ ಬೀಗರ ಮೀನು?" ಇನ್ನೊಬ್ಬರು ಕೂಗಿದರು.

ಮುನಿವೆಂಕಟಪ್ಪ ಸಾರಿನ ಬಕೆಟ್ ಹಿಡಿದು ನಿಂತಿದ್ದರು. ಅದನ್ನು ಕೆಳಗಿಟ್ಟು, ಮಾಮೂಲಿನ ದೊಡ್ಡ ದನಿಯಲ್ಲಿ, "ಜ್ವರಕ್ಕೆ ಕೂತದೆ. ನಾನೇ ಬೇಡ ಅಂದೆ" ಅಂದರು.

ನಾನೇ ಬೇಡ ಅಂದೆ ಅನ್ನುವ ಆ ಮೂರು ಪದ ಕೇಳಿದಾಗ ಭಾನುಪ್ರಿಯಾ ಗೆರೆ ಎಣಿಸುವುದನ್ನು ಬಿಟ್ಟು ಹಣ್ಣು ಕೈಗೆತ್ತಿಕೊಂಡಳು. ರೇಷ್ಮೆಯವರಿದ್ದ ಮೊದಲ ಸಾಲು ತಲೆದೂಗಿತು. ಎರಡನೇ ಸಾಲಿಗೆ ಹೋಗುವಷ್ಟರಲ್ಲಿ ಸುದ್ದಿ 'ಮೀನಿಗೆ ಜ್ವರವಂತೆ' ಎಂದಾಗಿತ್ತು. ನಾಲ್ಕನೇ ಸಾಲಿನವರು, ಯಾವುದೋ ಹೊಸ ಕಾಯಿಲೆಯಂತೆ, ಸದ್ಯ ಬಡಿಸಲಿಲ್ಲವಲ್ಲ, ಬೀಗರು ಒಳ್ಳೆ ಮನುಷ್ಯರು ಎಂದು ಕೈತೊಳೆದರು. ಆಗಸ್ಟಿನಲ್ಲಿ ಅಂಗಡಿ ತೆರೆದಾಗ ಮಂಚೇನಹಳ್ಳಿ ಕಡೆಯ ಗಿರಾಕಿಗಳು, "ಜ್ವರ ಬಿಡ್ತಾ?" ಎಂದು ವಿಚಾರಿಸಿಕೊಂಡೇ ಮೀನು ಮುಟ್ಟುತ್ತಿದ್ದರು. ರಾಮಾಂಜಿನಪ್ಪ ಒಬ್ಬೊಬ್ಬರಿಗೂ ಮೊದಲಿನಿಂದ ವಿವರಿಸುತ್ತಿದ್ದ. ಧಕ್ಕೆಯ ರಾಶಿ ಆ ವರ್ಷ ಇನ್ನೊಂದು ಮೊಳ ಬೆಳೆಯಿತು.

ಆಷಾಢಕ್ಕೆ ತವರಿಗೆ ಬಂದಿದ್ದ ಭಾನುಪ್ರಿಯಾ ವಾಪಸು ಹೋಗಿ, ಶ್ರಾವಣ ಕಳೆದು, ಗೌರಿ ಗಣೇಶ ಎಲ್ಲ ನೀರಿಗಿಳಿದ ಮೇಲೆ, ಸೆಪ್ಟೆಂಬರ್ ಮೊದಲ ಭಾನುವಾರ ರಾಮಾಂಜಿನಪ್ಪ ಮಂಚೇನಹಳ್ಳಿಗೆ ಬಂದ. ಜೊತೆಗೆ ಶ್ಯಾಮಲಮ್ಮ, ಒಂದು ಥರ್ಮಾಕೋಲ್ ಪೆಟ್ಟಿಗೆ, ಮತ್ತು ಸ್ಕೇಲು. ಎಲ್ಲರೆದುರು ಅಂಜಲನ್ನು ಹಲಗೆಯ ಮೇಲೆ ಮಲಗಿಸಿ ಅಳೆದು ತೋರಿಸಿದ. ಎರಡು ಸ್ಕೇಲು, ಮೇಲೆ ನಾಲ್ಕು ಇಂಚು. ತಾನೇ ಕೊಯ್ದ, ತಾನೇ ಮಸಾಲೆ ಸವರಿದ, ಹಿತ್ತಿಲಲ್ಲಿ ಕಾವಲಿಯಿಟ್ಟು ತಾನೇ ಹುರಿದ. ಮುನಿವೆಂಕಟಪ್ಪ ತಲೆಯೆತ್ತದೆ ಮೂರು ತುಂಡು ಮುಗಿಸಿದರು. ನಾಲ್ಕನೆಯದಕ್ಕೆ ಕೈ ಹಾಕುತ್ತಾ, "ಜ್ವರ ಬಿಟ್ಟ ಹುಳ ಮೇಯೋ ಹಾಗೆ ಮೇಯ್ತಾ ಇದೀನಿ," ಅಂದರು. ಅಮ್ಮಾಜಮ್ಮ ಹಲ್ಲಿಲ್ಲದ ಬಾಯಲ್ಲಿ ಮುಳ್ಳು ಬಿಡಿಸುತ್ತಾ, "ಚೇಪ ಬಾಗುಂದಿ. ತಟ್ಟೇಲಿ ಬಿದ್ದಿದ್ದಕ್ಕಿಂತ ಇದು ಪರವಾಗಿಲ್ಲ," ಅಂದರು.

ಊಟವಾದ ಮೇಲೆ ಎಲ್ಲರೂ ನಡುಮನೆಯಲ್ಲಿ ಕೂತರು. ಮಧುಕುಮಾರ್ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ನಿಯಮ ಅನ್ನುವ ಪದವನ್ನು ದಿನಕ್ಕೆ ನಲವತ್ತು ಸಲ ಬರೆಯುವವನು, ಅದನ್ನು ಪಾಲಿಸುವವರನ್ನು ಅಪರೂಪಕ್ಕೆ ಕಂಡವನು. ಮದುವೆಯಾದಾಗಿನಿಂದ ಅವನಿಗೆ ಮಾವನೆಂದರೆ ಒಂದು ಬೆರಗು. ಯಾವ್ಯಾವ ದೇಶ ತನ್ನ ಕಡಲನ್ನು ಎಷ್ಟು ಜವಾಬ್ದಾರಿಯಿಂದ ನೋಡಿಕೊಳ್ಳುತ್ತಿದೆ ಎಂದು ಲೆಕ್ಕ ಹಾಕುವ ತಜ್ಞರ ಲೇಖನಗಳನ್ನೆಲ್ಲ ಮೊಬೈಲಿನಲ್ಲಿ ಹುಡುಕಿ ಓದಿದ್ದ.

"ಮಾವ, ಒಂದು ಕೇಳ್ಬೇಕು," ಅಂದ. "ಕಾನೂನು, ಕಾವಲು ಹಡಗು ಎಲ್ಲ ಇಟ್ಕೊಂಡು ದೇಶ ದೇಶಗಳೇ ಇದನ್ನ ಪಾಲಿಸೋಕೆ ತಿಣುಕಾಡ್ತವೆ. ನಿಮ್ಮನ್ನ ಕೇಳೋರು ಯಾರೂ ಇಲ್ಲ. ನಮ್ಮ ಕಡೆ ಸಮುದ್ರಾನೇ ಇಲ್ಲ. ಪಕ್ಕದವರು ಮಾರ್ತಾನೇ ಇರ್ತಾರೆ. ಆದ್ರೂ ನೀವು ಹತ್ತೊಂಬತ್ತು ವರ್ಷದಿಂದ ಎರಡು ತಿಂಗಳು ತಪ್ಪದೆ ಪೆಟ್ಟಿಗೆ ಮಗುಚಿ ಹಾಕ್ತೀರಲ್ಲ, ಯಾಕೆ? ಆ ಧಕ್ಕೇಲಿ ಮರಿಗಳ ರಾಶಿ ನೋಡಿದ್ರಲ್ಲ, ಅದಕ್ಕೇನಾ?"

ಮುನಿವೆಂಕಟಪ್ಪ ಎಲೆಅಡಿಕೆ ಮಡಿಸುವುದನ್ನು ನಿಲ್ಲಿಸಿದರು. ಭಾನುಪ್ರಿಯಾ ಅಪ್ಪನ ಮುಖ ನೋಡಿದಳು. 'ಎಲ್ಲಾ ಮಕ್ಕಳು' ಅನ್ನುವಾಗ ತಗ್ಗುವ ಆ ದನಿಗೆ ಕಾದಳು. ರಾಮಾಂಜಿನಪ್ಪ ಹಿತ್ತಿಲ ನಲ್ಲಿಯಿಂದ ಆಗತಾನೆ ತೊಳೆದುಕೊಂಡು ಬಂದಿದ್ದ ಕೈಯನ್ನು ಒಮ್ಮೆ ಮೂಸಿ ನೋಡಿಕೊಂಡ. ಆಮೇಲೆ, ಎದುರಿಗೆ ಕೂತಿದ್ದ ಶ್ಯಾಮಲಮ್ಮನ ಕಡೆ ಓರೆಗಣ್ಣು ಹಾಯಿಸಿದ.

"ಅದೂ ಇರ್ಬಹುದಪ್ಪ," ಅಂದ. "ಆದ್ರೆ ಆ ಎರಡು ತಿಂಗಳು ನಿಮ್ಮತ್ತೆ ನನ್ನ ಮುಂಬಾಗಿಲಿಂದ ಒಳಗೆ ಬಿಡ್ತಾಳೆ."